ಕಾಲು ಉಳುಕಿದ ಮಕ್ಕಳಿಗೆ ಬ್ಯಾಲೆನ್ಸ್ ಅಭ್ಯಾಸ: ಬರಿ ನೆಲ, ದಿಂಬು, ವಾಬಲ್ ಬೋರ್ಡ್, ಜುಹು ಮರಳು, ಯಾರಿಗೆ ಯಾವುದು?

ಮುಂಬಯಿಲಿ ಜೂನ್ ತಿಂಗಳು ಸ್ಕೂಲ್ ಶುರುವಾಗಿ ಮಳೆ ಹಿಡೀತು ಅಂದ್ರೆ ಮಕ್ಕಳ ಪಾದ ಉಳುಕೋ ಸೀಸನ್ನೂ ಶುರು. ಟರ್ಫ್ (ಪ್ಲಾಸ್ಟಿಕ್ ಹುಲ್ಲಿನ ಮೈದಾನ) ಫುಟ್‌ಬಾಲು, ಸೊಸೈಟಿ ಕಂಪೌಂಡಿನ ಒದ್ದೆ ಟೈಲ್ಸು, ಸ್ಟೇಷನ್ ಬ್ರಿಡ್ಜಿನ ಮೆಟ್ಟಿಲು, ರಸ್ತೆ ಗುಂಡಿ, ಕಾರಣಕ್ಕೇನು ಬರ ಇಲ್ಲ. ಊತ ಇಳಿಯತ್ತೆ, ಕ್ರೇಪ್ ಬ್ಯಾಂಡೇಜ್ ಬಿಚ್ಚಾಗತ್ತೆ, ಡಾಕ್ಟ್ರು ಚೀಟಿ ಮೇಲೆ ಬ್ಯಾಲೆನ್ಸ್ ಎಕ್ಸರ್ಸೈಸ್ ಶುರು ಮಾಡಿ ಅಂತ ಒಂದು ಸಾಲು ಬರೆದು ಕಳಿಸ್ತಾರೆ, ಹೊರಗೆ ಬೆಂಚ್ ತುಂಬಾ ಜನ ಕಾಯ್ತಿರ್ತಾರೆ ಪಾಪ ಅವರಾದ್ರೂ ಎಷ್ಟು ಅಂತ ಹೇಳ್ತಾರೆ, ಲೋಕಲ್ ಹತ್ತಿ ಮನೆ ಸೇರೋಷ್ಟರಲ್ಲಿ ಅಮ್ಮ ಫೋನಲ್ಲೇ ಒಂದು ವಾಬಲ್ ಬೋರ್ಡ್ (ಮೇಲೆ ನಿಂತ್ರೆ ಎಲ್ಲಾ ಕಡೆ ವಾಲೋ ಹಲಗೆ) ಆರ್ಡರ್ ಮಾಡಿರ್ತಾರೆ.

ನಾನು ಡೊಂಬಿವಲಿ ಕಡೆ ಫಿಸಿಯೋ ಕೆಲಸ ಮಾಡೋಳು, ನಮ್ಮ ಕನ್ನಡದವರು ತುಳುವಿನವರು ಬಹಳ ಜನ ಬರ್ತಾರೆ, ಎಲ್ಲರದ್ದೂ ಒಂದೇ ಪ್ರಶ್ನೆ, ಯಾವುದು ತಗೊಳ್ಳೋಣ ಮೇಡಂ. ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಮೊದಲು ಏನೂ ತಗೋಬೇಡಿ. ಸಾಮಾನು ಯಾವುದು ಅನ್ನೋದು ಆಮೇಲಿನ ಮಾತು, ಮಗು ಈಗ ಯಾವ ಹಂತದಲ್ಲಿದೆ ಮತ್ತೆ ಯಾವುದನ್ನ ದಿನಾ ಗಲಾಟೆ ಇಲ್ದೆ ಮಾಡತ್ತೆ, ಆಯ್ಕೆ ಅಲ್ಲಿಂದ ಶುರು ಆಗ್ಬೇಕು.

ನೋವು ಹೋದ್ಮೇಲೂ ಇದೆಲ್ಲಾ ಯಾಕೆ ಅಂತ ಅಪ್ಪಂದಿರು ಕೇಳ್ತಾರೆ (ಅಮ್ಮಂದಿರು ಕೇಳಲ್ಲ, ಯಾಕೋ ಗೊತ್ತಿಲ್ಲ). ಪಾದ ಒಳಗಡೆ ಮಡಚಿಕೊಂಡು ಬಿದ್ದಾಗ ಹೊರಗಿನ ಗಿಣ್ಣಿನ ಮುಂದಿರೋ ಲಿಗಮೆಂಟು (ಮೂಳೆಗೂ ಮೂಳೆಗೂ ಕಟ್ಟಿ ಹಿಡಿಯೋ ಪಟ್ಟಿ) ಎಳೆದುಹೋಗತ್ತೆ ಅಥವಾ ಸ್ವಲ್ಪ ಹರಿಯತ್ತೆ, ಅದು ಎಲ್ಲರಿಗೂ ಗೊತ್ತು. ಆದ್ರೆ ಆ ಲಿಗಮೆಂಟು, ಕೀಲಿನ ಚೀಲ, ಸುತ್ತಲಿನ ಸ್ನಾಯು ಇವುಗಳಲ್ಲಿ ಪಾದ ಈಗ ಎಷ್ಟು ವಾಲಿದೆ ಅಂತ ಮೆದುಳಿಗೆ ಸುದ್ದಿ ಕಳಿಸೋ ನರದ ತುದಿಗಳು ಇರ್ತವೆ. ಏಟಾದ್ಮೇಲೆ ಈ ಸುದ್ದಿ ಹೋಗೋದು ಕೆಡತ್ತೆ, ಕಾಲು ವಾಲಿದ್ದು ತಡವಾಗಿ ಗೊತ್ತಾಗತ್ತೆ, ಮೊಣಕಾಲ ಕೆಳಗೆ ಹೊರಬದಿಗಿರೋ ಸ್ನಾಯು ಎಳೆದು ಹಿಡಿಯೋಷ್ಟರಲ್ಲಿ ಪಾದ ಮತ್ತೆ ಮಡಚಿಕೊಂಡಿರತ್ತೆ. 1965ರಲ್ಲೇ ಇಂಗ್ಲೆಂಡಿನಲ್ಲಿ ಫ್ರೀಮನ್ ಅನ್ನೋ ಡಾಕ್ಟ್ರು ಮತ್ತು ಜೊತೆಯವರು ಇದನ್ನ ಬರೆದಿದ್ದಾರೆ, ಅಲುಗಾಡೋ ಹಲಗೆ ಮೇಲೆ ನಿಲ್ಲಿಸೋ ಅಭ್ಯಾಸಕ್ಕೆ ದಾರಿ ಆಗಿದ್ದೂ ಅದೇ. ರೆಸ್ಟ್ ಕೊಟ್ರೆ ಊತ ಇಳಿಯತ್ತೆ, ನೋವು ಹೋಗತ್ತೆ, ಈ ಸುದ್ದಿ ವ್ಯವಸ್ಥೆ ಮಾತ್ರ ತಾನಾಗೇ ಪೂರ್ತಿ ಸರಿಹೋಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಾಗಾಗಿ ಸುಮ್ನೆ ರೆಸ್ಟ್ ಅನ್ನೋದೂ ಒಂದು ಆಯ್ಕೆ ಅಂತ ಲೆಕ್ಕ ಹಾಕಿದ್ರೆ ದುಬಾರಿ ಬೀಳೋದು ಅದೇ, ಮುಂದಿನ ಮಳೆಗಾಲಕ್ಕೆ ಅದೇ ಕಾಲು ಮತ್ತೆ ಕ್ಲಿನಿಕ್ಕಿಗೆ.

ಆಯ್ಕೆಗೆ ಮುಂಚೆ ಇನ್ನೊಂದು ವಿಷಯ, ಇದನ್ನ ಮಾತ್ರ ಹಾರಿಸ್ಬೇಡಿ. ಮಕ್ಕಳ ಮೂಳೆ ತುದಿಲಿ ಬೆಳವಣಿಗೆಯ ಪದರ ಇರತ್ತೆ, ಗ್ರೋತ್ ಪ್ಲೇಟ್ ಅಂತಾರಲ್ಲ ಅದು, ಹೆಣ್ಣುಮಕ್ಕಳಲ್ಲಿ ಸ್ವಲ್ಪ ಬೇಗ ಗಂಡುಮಕ್ಕಳಲ್ಲಿ ಸ್ವಲ್ಪ ತಡವಾಗಿ ಹದಿಹರೆಯದಲ್ಲಿ ಮುಚ್ಚಿಕೊಳ್ಳತ್ತೆ, ಅಲ್ಲಿವರೆಗೂ ಅದು ಮೃದು, ದೊಡ್ಡವರಿಗೆ ಬರಿ ಉಳುಕಾಗೋ ಏಟಿಗೆ ಮಕ್ಕಳಿಗೆ ಅಲ್ಲಿ ಪೆಟ್ಟು ಬಿದ್ದಿರಬಹುದು. ಕೆನಡಾದ ಒಟ್ಟಾವದ ಡಾಕ್ಟ್ರುಗಳು 1992ರಲ್ಲಿ ಒಂದು ಸರಳ ನಿಯಮ ಮಾಡಿದ್ರು, ಈಗ್ಲೂ ಎಲ್ಲಾ ಕಡೆ ಅದನ್ನೇ ನೋಡ್ತಾರೆ: ಬಿದ್ದ ಕೂಡ್ಲೇನೂ, ಆಮೇಲೆ ಡಾಕ್ಟ್ರ ಎದುರಿಗೂ ನಾಲ್ಕು ಹೆಜ್ಜೆ ಇಡೋಕೆ ಆಗ್ಲಿಲ್ಲ ಅಂದ್ರೆ, ಇಲ್ಲಾಂದ್ರೆ ಗಿಣ್ಣಿನ ಮೂಳೆಯ ಹಿಂದಿನ ಅಂಚು ಅಥವಾ ತುದಿ ಒತ್ತಿದ್ರೆ ನೋವಾದ್ರೆ ಎಕ್ಸ್‌ರೇ ಬೇಕು. ಅದೆಲ್ಲಾ ನೋಡಿ ಆಗಿದೆ, ಮಗು ಕುಂಟದೆ ಮನೆಯೊಳಗೆ ಓಡಾಡ್ತಿದೆ, ಏಟಾದ ಕಾಲ ಮೇಲೆ ಪೂರ್ತಿ ಭಾರ ಹಾಕಿದ್ರೆ ನೋವಿಲ್ಲ, ಅಷ್ಟಾದ್ಮೇಲೆ ಮುಂದೆ ಓದಿ. ಪ್ಲಾಸ್ಟರ್ ಬಿಚ್ಚಿದ ಮಕ್ಕಳದ್ದು ಬೇರೆ ಲೆಕ್ಕ, ಡಾಕ್ಟ್ರು ಹೂಂ ಅಂದ್ಮೇಲೇ ಶುರು. ಪಕ್ಕದ ಗಲ್ಲಿಯ ಮಾಲಿಶ್‌ನವರ ಹತ್ರ ಎಳೆಸೋದು ಬೇಡ, ಯಾವ ಹಂತದಲ್ಲೂ ಬೇಡ.

ಬರಿ ನೆಲ v/s ದಿಂಬು

ನನ್ನ ಮಟ್ಟಿಗೆ ಬರಿ ನೆಲದಷ್ಟು ಒಳ್ಳೆ ಸಾಮಾನು ಇಲ್ಲ, ಆದ್ರೆ ದುಡ್ಡು ಕೊಟ್ಟಿಲ್ಲ ಅಂತ ಅದಕ್ಕೆ ಮರ್ಯಾದೆ ಇಲ್ಲ. ಬರಿಗಾಲಲ್ಲಿ ಗೋಡೆ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ವಾಲಿದ್ರೆ ಎರಡೂ ಕಡೆ ಗೋಡೆ ಸಿಗತ್ತೆ, ಅಥವಾ ಅಡುಗೆಮನೆ ಕಟ್ಟೆ ಪಕ್ಕ. ಮೊದಲು ಚೆನ್ನಾಗಿರೋ ಕಾಲಲ್ಲಿ ಒಂಟಿಕಾಲು ನಿಲ್ಲಿಸಿ ನೋಡಿ, ಆಮೇಲೆ ಏಟಾದ ಕಾಲಲ್ಲಿ. ಈ ವ್ಯತ್ಯಾಸ ನೋಡಿದ ಕೂಡ್ಲೇ ಅರ್ಧ ಅಪ್ಪಂದಿರು ಸುಮ್ನಾಗ್ತಾರೆ, ಒಂದು ಕಾಲಲ್ಲಿ ಕಂಬದ ಥರ ನಿಂತ ಮಗು ಇನ್ನೊಂದರಲ್ಲಿ ಕೈ ಬೀಸ್ತಾ ಪಾದ ಕುಣಿಸ್ತಾ ಐದು ಸೆಕೆಂಡಿಗೆ ಕಾಲು ಕೆಳಗಿಡತ್ತೆ. ಗುರಿ 30 ಸೆಕೆಂಡು, ಮೊಣಕಾಲು ಒಂಚೂರು ಮಡಚಿರ್ಬೇಕು, ಉಸಿರು ಬಿಗಿ ಹಿಡೀಬಾರ್ದು, ಎತ್ತಿದ ಕಾಲನ್ನ ಈ ಕಾಲಿಗೆ ಸುತ್ತಿಕೊಂಡು ಮೋಸ ಮಾಡಬಾರ್ದು (ಮಾಡ್ತಾರೆ, ನೋಡ್ತಿರಿ). ದಿನಕ್ಕೆರಡು ಸಲ ಹಲ್ಲುಜ್ಜೋವಾಗ ಮಾಡ್ಸಿದ್ರೆ ಬೇರೆ ಟೈಮೇ ಬೇಡ, ಬಾತ್‌ರೂಮಿನ ಒದ್ದೆ ನೆಲದ ಮೇಲೆ ಮಾತ್ರ ಬೇಡ, ಬ್ರಷ್ ಹಿಡ್ಕೊಂಡು ಹೊರಗೆ ಬಂದು ನಿಂತ್ಕೊಳ್ಲಿ.

30 ಸೆಕೆಂಡು ಸುಲಭ ಆಯ್ತು ಅಂದ ತಕ್ಷಣ ಬೋರ್ಡ್ ತರೋಣ ಅನ್ಸತ್ತೆ, ತಾಳಿ, ನೆಲದ ಮೇಲೇ ಇನ್ನೂ ಬೇಕಾದಷ್ಟಿದೆ. ನಿಂತಲ್ಲೇ ತಲೆ ಎಡಕ್ಕೂ ಬಲಕ್ಕೂ ತಿರುಗಿಸೋದು, ತಂಗಿ ಹತ್ರ ಚೆಂಡು ಎಸೆಸಿ ಹಿಡಿಸೋದು, ಬಗ್ಗಿ ನೆಲದ ಮೇಲಿನ ಪೆನ್ಸಿಲ್ ಎತ್ತೋದು. ನಂಗೆ ಬಹಳ ಇಷ್ಟ ಆಗೋದು ಟೈಲ್ಸ್ ಆಟ. ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲಿನ ಬೆರಳ ತುದಿಯಿಂದ ಮುಂದೆ, ಹಿಂದೆ ಎಡಮೂಲೆ, ಹಿಂದೆ ಬಲಮೂಲೆ ಎಷ್ಟು ದೂರ ಮುಟ್ಟೋಕಾಗತ್ತೋ ಮುಟ್ಟಿ ವಾಪಸ್ ಬರೋದು, ಭಾರ ಆ ಕಾಲ ಮೇಲೆ ಹಾಕದೆ. ಟೈಲ್ಸಿನ ಗೆರೆ ಇದ್ದೇ ಇದೆ, ಚಾಕ್‌ನಲ್ಲಿ ಗುರುತು ಮಾಡಿ, ಎರಡೂ ಕಾಲಿಂದು ಹೋಲಿಸಿ. ಕ್ಲಿನಿಕ್‌ಗಳಲ್ಲಿ ವೈ ಬ್ಯಾಲೆನ್ಸ್ ಟೆಸ್ಟ್ ಅಂತ ದೊಡ್ಡ ಹೆಸರಿಟ್ಟು ಮಾಡೋದು ಹೆಚ್ಚುಕಮ್ಮಿ ಇದನ್ನೇ.

ಕಣ್ಣು ಮುಚ್ಚಿ ನಿಲ್ಲೋದು ವಯಸ್ಸು ನೋಡ್ಕೊಂಡು. ಚಿಕ್ಕ ಮಕ್ಕಳು, ಅಂದಾಜು ಏಳು ವರ್ಷದ ತನಕ, ಬ್ಯಾಲೆನ್ಸಿಗೆ ಕಣ್ಣನ್ನೇ ಜಾಸ್ತಿ ನಂಬ್ಕೊಂಡಿರ್ತಾರೆ, ಪಾದ, ಕಿವಿಯೊಳಗಿನ ವ್ಯವಸ್ಥೆ, ಕಣ್ಣು ಇವೆಲ್ಲಾ ಹೊಂದಿಕೊಂಡು ಕೆಲಸ ಮಾಡೋದು ನಿಧಾನಕ್ಕೆ ಬಲಿಯತ್ತೆ. ಆರು ವರ್ಷದ ಮಗು ಕಣ್ಣು ಮುಚ್ಚಿ ನಿಲ್ಲಕ್ಕಾಗದೆ ಬಿದ್ರೆ ಅದು ಏಟಿನಿಂದಲೇ ಅನ್ನೋಕಾಗಲ್ಲ, ವಯಸ್ಸೇ ಅಂಥದ್ದು. ಹತ್ತು ದಾಟಿದವರಿಗೆ ಮಾಡ್ಸಿ.

ದಿಂಬು ಎರಡನೇ ಮೆಟ್ಟಿಲು. ಸೋಫಾದ ಗಟ್ಟಿ ಕುಶನ್ನು, ನಾಲ್ಕು ಮಡಿಕೆ ಮಾಡಿದ ದಪ್ಪ ಚಾದರ, ಹಳೇ ಹತ್ತಿ ಗಾದಿ, ಯಾವುದಾದ್ರೂ ನಡೆಯತ್ತೆ. ತಲೆದಿಂಬು ಅಷ್ಟು ಚೆನ್ನಾಗಿಲ್ಲ, ಒಂದೇ ನಿಮಿಷಕ್ಕೆ ಚಪ್ಪಟೆಯಾಗಿ ಪಾದ ನೆಲ ಮುಟ್ಟಿಬಿಡತ್ತೆ, ಆಮೇಲೆ ಮತ್ತೆ ನೆಲದ ಮೇಲೇ ನಿಂತ ಹಾಗೆ. ಅಂಗಡಿಲಿ ಸಿಗೋ ಫೋಮ್ ಪ್ಯಾಡ್ ಹಾಗೆ ಕುಸಿಯಲ್ಲ, ಎಷ್ಟು ದಿನ ಆದ್ರೂ ಅದೇ ಗಟ್ಟಿತನ, ಅದಕ್ಕೇ ಬೆಲೆ. ಆದ್ರೆ ಒಂದು ಮಗುವಿನ ಒಂದು ಉಳುಕಿಗೆ ಅದು ಬೇಕಾ ಅಂತ ಕೇಳಿದ್ರೆ ಬೇಡ ಅಂತೀನಿ. ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗ್‌ಗಳ ನೆಲ ಬೆವರಿದ ಹಾಗೆ ತೇವ ಇರತ್ತೆ, ಕುಶನ್ ಕೆಳಗೆ ಜಾರದ ಮ್ಯಾಟ್ ಹಾಕಿ, ಮಂಚದ ಮೇಲೆ ನಿಲ್ಲಿಸೋದಂತೂ ಬೇಡವೇ ಬೇಡ.

ರಾಕರ್, ವಾಬಲ್, ಗಾಳಿ ಡಿಸ್ಕ್

ಮೂರನ್ನೂ ಆ್ಯಪ್‌ಗಳಲ್ಲಿ ಬ್ಯಾಲೆನ್ಸ್ ಬೋರ್ಡ್ ಅಂತಲೇ ಮಾರ್ತಾರೆ, ಮೂರೂ ಬೇರೆ ಬೇರೆ. ರಾಕರ್ ಬೋರ್ಡ್ ಒಂದೇ ದಿಕ್ಕಿಗೆ ವಾಲತ್ತೆ, ಹಿಂದೆ ಮುಂದೆ ಇಟ್ಕೊಂಡ್ರೆ ಹಾಗೆ, ತಿರುಗಿಸಿ ಇಟ್ರೆ ಎಡ ಬಲ. ಮೊದಲ ಬೋರ್ಡ್ ಅಂತ ಇದು ಒಳ್ಳೇದು ಯಾಕಂದ್ರೆ ಹಿಂದೆ ಮುಂದೆ ವಾಲಿದ್ರೆ ಏಟಾದ ಲಿಗಮೆಂಟಿಗೆ ಅಷ್ಟು ತ್ರಾಸ ಇಲ್ಲ, ಎಡ ಬಲ ಆಮೇಲೆ ಸೇರಿಸಬಹುದು. ವಾಬಲ್ ಬೋರ್ಡಿನ ಅಡಿಲಿ ಅರ್ಧ ಗೋಳ ಇರತ್ತೆ, ಎಲ್ಲಾ ದಿಕ್ಕಿಗೂ ವಾಲತ್ತೆ, ಗೋಳ ಎತ್ತರ ಇದ್ದಷ್ಟೂ ಕಷ್ಟ. ಮಕ್ಕಳಿಗೆ ತಗೊಳ್ಳೋದಾದ್ರೆ ಎತ್ತರ ಕಮ್ಮಿ ಇರೋದು, ಮೇಲ್ಗಡೆ ಒರಟಾಗಿರೋದು, ಎರಡೂ ಪಾದ ಆರಾಮಾಗಿ ಹಿಡಿಸೋಷ್ಟು ಅಗಲ, 40 ಸೆಂಟಿಮೀಟರ್ ಆಸುಪಾಸು. ನುಣ್ಣಗೆ ಪಾಲಿಶ್ ಮಾಡಿದ ಮರದ್ದು ಫೋಟೋದಲ್ಲಿ ಚಂದ, ಬೆವರಿದ ಪಾದಕ್ಕೆ ಜಾರತ್ತೆ.

ಗಾಳಿ ಡಿಸ್ಕ್ ಅಂದ್ರೆ ಚಪ್ಪಟೆ ರಬ್ಬರ್ ಮೆತ್ತೆ ಥರ, ಪಂಪ್‌ನಲ್ಲಿ ಗಾಳಿ ಹೆಚ್ಚು ಕಮ್ಮಿ ಮಾಡ್ಕೋಬಹುದು, ಗಾಳಿ ಕಮ್ಮಿ ಇದ್ರೆ ಸುಲಭ. ವಾಲಿದ್ರೂ ಅಂಚು ನೆಲಕ್ಕೆ ಟಕ್ ಅಂತ ಬಡಿಯಲ್ಲ, ಕೆಳಗಿನ ಮನೆಯವರು ಬಾಗಿಲು ತಟ್ಟಲ್ಲ, ಕಪಾಟಿನ ಸಂದಿಲಿ ಇಡಬಹುದು, ಒಂದು ರೂಮು ಕಿಚನ್ ಮನೆಲಿ ಇದು ಸಣ್ಣ ವಿಷಯ ಅಲ್ಲ. ಹತ್ತು ವರ್ಷದೊಳಗಿನವರಿಗೆ ನಾನು ಹೇಳೋದು ಡಿಸ್ಕ್. ಹೈಸ್ಕೂಲ್ ಮಕ್ಕಳು, ಅದರಲ್ಲೂ ಫುಟ್‌ಬಾಲು ಬಾಸ್ಕೆಟ್‌ಬಾಲು ಆಡೋರು, ಅವರಿಗೆ ವಾಬಲ್ ಬೋರ್ಡ್ ಸರಿ.

ಈ ಹೈಸ್ಕೂಲ್ ಮಕ್ಕಳ ವಿಷಯದಲ್ಲಿ ಒಳ್ಳೆ ಅಧ್ಯಯನಗಳಿವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಗ್ವೈನ್ ಮತ್ತು ಕೀನ್ ಅನ್ನೋರು 765 ಹೈಸ್ಕೂಲ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ್ರು, ಬ್ಯಾಲೆನ್ಸ್ ಅಭ್ಯಾಸ ಮಾಡಿದವರಲ್ಲಿ 6.1 ಶೇಕಡಾ ಮಕ್ಕಳಿಗೆ ಪಾದ ಉಳುಕಿದ್ರೆ ಮಾಡದವರಲ್ಲಿ 9.9 ಶೇಕಡಾ. ಅದ್ರಲ್ಲಿ ನಾನು ಪೋಷಕರಿಗೆ ತೋರ್ಸೋದು ಅಂಕಿ ಅಲ್ಲ, ಕ್ರಮ: ಮೊದಲು ಬರಿ ನೆಲದ ಮೇಲೆ ಒಂಟಿಕಾಲು, ಆಮೇಲೆ ಒಂಟಿಕಾಲಲ್ಲೇ ಚೆಂಡು ಹಿಡಿಯೋದು ಎಸೆಯೋದು, ಆಮೇಲೆ ಬೋರ್ಡ್ ಮೇಲೆ ಎರಡು ಕಾಲು, ಕೊನೆಗೆ ಬೋರ್ಡ್ ಮೇಲೆ ಒಂಟಿಕಾಲು. ಅಂದ್ರೆ ಏಟೇ ಇಲ್ಲದ ಗಟ್ಟಿಮುಟ್ಟಾದ ಆಟಗಾರರನ್ನೂ ಅವರು ನೆಲದಿಂದಲೇ ಶುರು ಮಾಡ್ಸಿದ್ರು, ನಾವು ಮೊನ್ನೆ ತಾನೇ ಬ್ಯಾಂಡೇಜ್ ಬಿಚ್ಚಿದ ಮಗುನ ಮೊದಲ ದಿನವೇ ಬೋರ್ಡ್ ಮೇಲೆ ಹತ್ತಿಸ್ತೀವಿ. ಕೆನಡಾದ ಕ್ಯಾಲ್ಗರಿಲೂ 2005ರಲ್ಲಿ ಹೈಸ್ಕೂಲ್ ಮಕ್ಕಳಿಗೆ ಮನೆಲೇ ವಾಬಲ್ ಬೋರ್ಡ್ ಅಭ್ಯಾಸ ಕೊಟ್ಟು ನೋಡಿದ್ರು, ಬ್ಯಾಲೆನ್ಸ್ ಸುಧಾರಿಸಿತ್ತು, ಸೋ ಮನೆಲಿ ಆಗಲ್ಲ ಅನ್ನೋದೇನಿಲ್ಲ.

ಜಿಮ್‌ನಲ್ಲಿರೋ ಬೋಸು ಬಾಲ್ (ಚಪ್ಪಟೆ ತಳದ ಅರ್ಧ ರಬ್ಬರ್ ಚೆಂಡು), ಮಿನಿ ಟ್ರ್ಯಾಂಪೊಲಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೋಸು ಜಾಗ ತಿನ್ನತ್ತೆ, ದುಡ್ಡೂ ತಿನ್ನತ್ತೆ, ಡಿಸ್ಕ್ ಮಾಡೋ ಕೆಲಸಾನೇ ಮಾಡೋದು. ಟ್ರ್ಯಾಂಪೊಲಿನ್ ಮನೆಲಿ ಬೇಡ ಅಂತ ಅಮೆರಿಕದ ಮಕ್ಕಳ ಡಾಕ್ಟ್ರುಗಳ ಅಕಾಡೆಮಿನೇ ವರ್ಷಗಳಿಂದ ಹೇಳ್ತಿದೆ, ಉಳುಕಿದ ಕಾಲಿಗಂತೂ ಕೇಳೋದೇ ಬೇಡ.

ಮರಳಲ್ಲಿ ನಡೆಸಿದ್ರೆ ಆಗಲ್ವಾ

ಜುಹುಗೋ ಗಿರ್ಗಾಂವ್ ಚೌಪಾಟಿಗೋ ಕರ್ಕೊಂಡು ಹೋಗಿ ಮರಳಲ್ಲಿ ಓಡ್ಸಿದ್ರೆ ಫ್ರೀ ಬ್ಯಾಲೆನ್ಸ್ ಟ್ರೈನಿಂಗ್ ಅಲ್ವಾ ಅಂತ ಕೇಳ್ತಾರೆ, ಊರಲ್ಲಿ ಮಲ್ಪೆ, ಪಣಂಬೂರು ಕಡೆ ಮರಳಲ್ಲೇ ಬೆಳೆದ ಅಜ್ಜಂದಿರಂತೂ ಆಣೆ ಮಾಡಿ ಹೇಳ್ತಾರೆ. ಹೌದು, ಆದ್ರೆ ಅದು ಕೊನೆಗೆ. ಒಣ ಮರಳಲ್ಲಿ ಪ್ರತಿ ಹೆಜ್ಜೆಗೂ ಪಾದ ಒಂದೊಂದು ಕಡೆ ವಾಲತ್ತೆ, ಎಷ್ಟು ವಾಲ್ಬೇಕು ಅನ್ನೋದು ನಿಮ್ಮ ಕೈಲಿಲ್ಲ, ಬೋರ್ಡಲ್ಲಾದ್ರೆ ಅದು ನಿಮ್ಮ ಕೈಲಿದೆ. ನೀರಿನ ಅಂಚಿನ ಒದ್ದೆ ಗಟ್ಟಿ ಮರಳು ನಡೆಯೋಕೆ ಸುಲಭ, ಆದ್ರೆ ಅದು ಸಮುದ್ರದ ಕಡೆ ಇಳಿಜಾರು, ಒಂದೇ ದಿಕ್ಕಿಗೆ ಹೋದ್ರೆ ಒಂದು ಪಾದ ಉದ್ದಕ್ಕೂ ಒಂದೇ ಕಡೆ ಓರೆ ಆಗಿರತ್ತೆ, ಹೋದಷ್ಟೇ ವಾಪಸ್ಸೂ ನಡೀಬೇಕು. ಮೇಲಿಂದ ನಮ್ಮ ಬೀಚುಗಳಲ್ಲಿ ಗಾಜಿನ ಚೂರು, ಮಳೆಗಾಲದಲ್ಲಿ ದಡಕ್ಕೆ ಬರೋ ನೀಲಿ ಜೆಲ್ಲಿಫಿಶ್ಶು. ನೆಲ, ಡಿಸ್ಕ್ ಎರಡೂ ಸಲೀಸಾದ ಮಗುಗೆ, ಮಳೆ ಮುಗಿದ್ಮೇಲೆ, ಭಾನುವಾರ ಬೆಳಿಗ್ಗೆ ಆದ್ರೆ ನಾನು ಬೇಡ ಅನ್ನಲ್ಲ.

ಆಟ v/s ಎಕ್ಸರ್ಸೈಸ್

ಐದರಿಂದ ಒಂಬತ್ತರ ಮಕ್ಕಳಿಗೆ ಎಕ್ಸರ್ಸೈಸ್ ಅಂದ್ರೆ ಎರಡು ದಿನ ನಡೆಯತ್ತೆ, ಮೂರನೇ ದಿನ ಹೊಟ್ಟೆನೋವು. ಅವರಿಗೆ ಕುಂಟೆಬಿಲ್ಲೆಯೇ ಸರಿ. ಇಲ್ಲಿ ಮರಾಠಿ ಸ್ಕೂಲ್‌ಗಳಲ್ಲಿ ಲಂಗಡಿ ಆಡಿಸ್ತಾರೆ, ಒಂಟಿಕಾಲಲ್ಲಿ ಕುಂಟ್ತಾ ಉಳಿದವರನ್ನ ಮುಟ್ಟೋ ಆಟ, ಅದೂ ಚೆನ್ನಾಗಿದೆ. ಎರಡರ ನಡುವೆ ಆರಿಸೋದಾದ್ರೆ ಮೊದಲು ಕುಂಟೆಬಿಲ್ಲೆ, ಯಾಕಂದ್ರೆ ಅದರಲ್ಲಿ ವೇಗ ಮಗುವಿನ ಕೈಲಿದೆ, ಮನೆ ಮನೆಗೂ ನಿಂತು ಹೋಗಬಹುದು, ಲಂಗಡಿಲಿ ಅಟ್ಟಿಸಿಕೊಂಡು ಹೋಗ್ಬೇಕು, ತಿರುಗ್ಬೇಕು, ತಳ್ಳಾಟ ಬೇರೆ. ಕುಂಟೋ ಹಂತ ಬರೋ ತನಕ ಹಾರದೆ ಬರಿ ಒಂಟಿಕಾಲಲ್ಲಿ ನಿಂತು ಬಗ್ಗಿ ಬಿಲ್ಲೆ ಎತ್ಕೊಳ್ಳೋದಷ್ಟೇ ಆಡ್ಸಿ. ಒಂದು ಕಣ್ಣಿಟ್ಟಿರಿ, ಮಕ್ಕಳು ಬಹಳ ಚಾಲಾಕು, ನೀವು ಆ ಕಡೆ ತಿರುಗಿದ್ರೆ ಚೆನ್ನಾಗಿರೋ ಕಾಲಲ್ಲೇ ಇಡೀ ಆಟ ಮುಗಿಸಿರ್ತಾರೆ, ಏಟಾದ ಕಾಲಿಗೆ ಒಂದು ಪೈಸೆ ಕೆಲಸ ಸಿಕ್ಕಿರಲ್ಲ.

ಕ್ಲಾಸುಗಳ ಬಗ್ಗೆಯೂ ಕೇಳ್ತಾರೆ. ಯೋಗದ ವೃಕ್ಷಾಸನ ಯಾವ ಹಂತದಲ್ಲೂ ಒಳ್ಳೇದು, ಅದು ನೆಲದ ಒಂಟಿಕಾಲೇ. ಭರತನಾಟ್ಯಕ್ಕೆ ಹೋಗೋ ಹುಡುಗಿಯರು ಟೀಚರ್‌ಗೆ ಹೇಳಿ ಮೊದಲು ಕೂತು ಹಸ್ತ, ಅಭಿನಯ ಮಾಡ್ಲಿ, ಬರಿಗಾಲಲ್ಲಿ ಗಟ್ಟಿ ನೆಲಕ್ಕೆ ಕುಟ್ಟೋದು ಆಮೇಲೆ. ಶಿವಾಜಿ ಪಾರ್ಕ್ ಕಡೆ ಮಲ್ಲಕಂಬ ಕಲಿಯೋ ಮಕ್ಕಳಿಗೆ ಹತ್ತೋದಕ್ಕಿಂತ ಇಳಿಯೋದು, ಹಾರಿ ನೆಲಕ್ಕೆ ಬರೋದು ಅಪಾಯ. ಇನ್ನು ಸಂಘಗಳಲ್ಲಿ ಯಕ್ಷಗಾನ ಕಲಿಯೋ ಹುಡುಗರು, ಅವರದ್ದೊಂದು ದೊಡ್ಡ ಕಥೆ, ತಾಳದ ಹೆಜ್ಜೆ ಬೇಗ ಶುರು ಮಾಡಬಹುದು ಆದ್ರೆ ತೆಂಕುತಿಟ್ಟಿನ ಧಿಗಿಣ ಎಲ್ಲಕ್ಕಿಂತ ಕೊನೆಗೆ, ತಿರುಗ್ತಾ ಹಾರಿ ಇಳಿಯೋ ಅದಕ್ಕಿಂತ ಕಠಿಣ ಪರೀಕ್ಷೆ ಪಾದಕ್ಕೆ ಇನ್ನೊಂದಿಲ್ಲ. ವಾರ್ಷಿಕೋತ್ಸವ ಹತ್ರ ಬಂತು ಅಂತ ಗುರುಗಳಿಗೆ ಸಂಕೋಚ ಪಟ್ಕೊಂಡು ಹೂಂ ಅನ್ಬೇಡಿ.

ಫಿಸಿಯೋ ಹತ್ರ ಹೋಗೋದಾ ಮನೆಲೇ ಮಾಡ್ಸೋದಾ

ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕ್ಕೊಂಡ ಹಾಗಾಗತ್ತೆ, ಆದ್ರೂ ಹೇಳ್ತೀನಿ, ಮೊದಲ ಸಲದ ಸಾಧಾರಣ ಉಳುಕಿಗೆ ದಿನಾ ಕ್ಲಿನಿಕ್ ಬೇಡ. ಶುರುಲಿ ಒಂದು ಸಲ ತೋರ್ಸಿ, ಏನು ಮಾಡ್ಬೇಕು ಅಂತ ಕಲಿತು, ನಡುವೆ ಒಂದೆರಡು ಸಲ ಬಂದು ಮುಂದಿನ ಹಂತ ಕೇಳ್ಕೊಂಡು ಹೋದ್ರೆ ಸಾಕು. ಆಫೀಸ್ ಟೈಮ್ ಲೋಕಲ್‌ನಲ್ಲಿ ಉಳುಕಿದ ಕಾಲಿನ ಮಗುನ ದಿನಾ ನೂಕಿಸ್ಕೊಂಡು ಬರೋದರಲ್ಲಿ ಅರ್ಥ ಇಲ್ಲ. ಪೂರ್ತಿ ಫಿಸಿಯೋ ಬೇಕಾಗಿರೋದು ಇಂಥವರಿಗೆ: ಅದೇ ಕಾಲು ಎರಡನೇ ಮೂರನೇ ಸಲ ಉಳುಕಿದೆ, ಪ್ಲಾಸ್ಟರ್ ಬಿಚ್ಚಿದೆ, ಸಮತಟ್ಟಾದ ಜಾಗದಲ್ಲೂ ಪಾದ ಕೈಕೊಡತ್ತೆ ಅಂತ ಮಗು ಹೇಳತ್ತೆ, ಇಲ್ಲಾಂದ್ರೆ ಮೈಯ ಕೀಲುಗಳೆಲ್ಲಾ ಸಡಿಲ ಇರೋ, ಹೆಬ್ಬೆರಳು ಮಡಚಿ ಮುಂಗೈ ಮುಟ್ಟಿಸೋ ಥರದ ಮಕ್ಕಳು. ಪ್ರೈವೇಟ್ ದುಬಾರಿ ಅನಿಸಿದ್ರೆ ಪರೇಲಿನ ಕೆಇಎಮ್, ಸಾಯನ್ ಆಸ್ಪತ್ರೆ, ನಾಯರ್ ಇಲ್ಲೆಲ್ಲಾ ಫಿಸಿಯೋ ವಿಭಾಗ ಇದೆ, ಹಾಜಿ ಅಲಿ ಹತ್ರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಸಾಲು ನಿಲ್ಬೇಕು, ಅದಕ್ಕೆ ರೆಡಿಯಾಗಿ ಹೋಗಿ. ವಿಡಿಯೋ ಕಾಲ್‌ನಲ್ಲಿ ಮಾಡ್ಸೋದು ದೊಡ್ಡ ಮಕ್ಕಳಿಗೆ ಪರವಾಗಿಲ್ಲ, ಚಿಕ್ಕವರು ಕ್ಯಾಮರಾ ಮುಂದೆ ಕೋತಿ ಆಡ್ತಾರೆ ಅಷ್ಟೇ.

ಬ್ರೇಸ್ (ಪಾದ ಮಡಚದ ಹಾಗೆ ಗಿಣ್ಣಿಗೆ ಬಿಗಿಯೋ ಪಟ್ಟಿ) ಹಾಕ್ಸಿದ್ರೆ ಈ ಅಭ್ಯಾಸ ಬೇಕಾ ಅನ್ನೋದಕ್ಕೆ ಉತ್ತರ ಸ್ವಲ್ಪ ಇಕ್ಕಟ್ಟಿನದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಆಟಗಾರರ ಮೇಲೆ ಮಾಡಿ 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮತ್ತೆ ಉಳುಕೋದನ್ನ ತಡೆಯೋದ್ರಲ್ಲಿ ಬರಿ ಅಭ್ಯಾಸಕ್ಕಿಂತ ಬ್ರೇಸೇ ಮುಂದಿತ್ತು. ಇದನ್ನ ಮುಚ್ಚಿಟ್ಟು ಬ್ಯಾಲೆನ್ಸ್ ಬ್ಯಾಲೆನ್ಸ್ ಅಂತ ನಾನು ಬಡ್ಕೊಂಡ್ರೆ ಸರಿಯಲ್ಲ. ಆದ್ರೆ ಬ್ರೇಸ್ ಹಾಕಿದಾಗ ಮಾತ್ರ ಕೆಲಸ ಮಾಡತ್ತೆ, ಮಗು ಚಪ್ಪಲಿ ಹಾಕ್ಕೊಂಡು ಕೆಳಗೆ ಹಾಲು ತರೋಕೆ ಹೋದಾಗ ಗುಂಡಿಲಿ ಕಾಲಿಟ್ರೆ ಬ್ರೇಸ್ ಮನೆಲಿರತ್ತೆ, ಮೇಲಿಂದ ಬೆಳೆಯೋ ಪಾದಕ್ಕೆ ಸೈಜ್ ಬದಲಾಗ್ತಾ ಇರತ್ತೆ. ಹಾಗಾಗಿ ಆಟಕ್ಕೆ ವಾಪಸ್ ಹೋದ ಮೊದಲ ಸೀಸನ್ ಆಟದ ಹೊತ್ತಲ್ಲಿ ಲೇಸ್ ಇರೋ ಬ್ರೇಸು, ಮನೆಲಿ ಬರಿಗಾಲಲ್ಲಿ ಅಭ್ಯಾಸ, ಇಲ್ಲಿ ಒಂದನ್ನ ಆರಿಸೋ ಅಗತ್ಯ ಇಲ್ಲ. ದಾರಿಬದಿ ಮೆಡಿಕಲ್‌ನಲ್ಲಿ ಸಿಗೋ ಚರ್ಮದ ಬಣ್ಣದ ಎಲಾಸ್ಟಿಕ್ ಸಾಕ್ಸನ್ನ ಬ್ರೇಸ್ ಅಂತ ತಿಳ್ಕೋಬೇಡಿ, ಅದು ಪಾದ ಮಡಚೋದನ್ನ ತಡೆಯಲ್ಲ.

ಟರ್ಫಿಗೆ ಯಾವಾಗ ಬಿಡೋದು ಅನ್ನೋಕೆ ಕ್ಯಾಲೆಂಡರ್ ನೋಡ್ಬೇಡಿ. ಏಟಾದ ಕಾಲಲ್ಲಿ ಒಂದು ಹಾರಿಗೆ ಎಷ್ಟು ದೂರ ಹೋಗತ್ತೆ ಅಂತ ಚಾಕ್ ಗುರುತು ಹಾಕಿ, ಇನ್ನೊಂದು ಕಾಲಿನ ದೂರದ ನೂರಕ್ಕೆ ತೊಂಬತ್ತಾದ್ರೂ ಬರ್ಬೇಕು. ಟೈಲ್ಸ್ ಗೆರೆಯ ಆಚೆ ಈಚೆ ಅಡ್ಡಡ್ಡ ಕುಂಟೋಕಾಗ್ಬೇಕು, ಹಾರಿ ಇಳಿದಾಗ ಅಲುಗಾಡದೆ ನಿಲ್ಬೇಕು, ಮಾರನೇ ದಿನ ಬೆಳಿಗ್ಗೆ ಊತ ಇರಬಾರ್ದು. ಯಾವುದಾದ್ರೂ ಒಂದು ತಪ್ಪಿದ್ರೆ ಇನ್ನೊಂದು ವಾರ ಡಿಸ್ಕ್.

ವಾಪಸ್ ಹೋದ್ಮೇಲೂ ನಿಲ್ಲಿಸ್ಬೇಡಿ, ವಿಸ್ಕಾನ್ಸಿನ್ ಮಕ್ಕಳು ಸೀಸನ್ ಉದ್ದಕ್ಕೂ ವಾರಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಮಾಡ್ತಿದ್ರು. ಫುಟ್‌ಬಾಲ್ ಆಡೋ ಮಕ್ಕಳಿದ್ರೆ ಕೋಚ್ ಹತ್ರ ಫಿಫಾ 11+ ಕಿಡ್ಸ್ ಗೊತ್ತಾ ಅಂತ ಕೇಳಿ, ಏಳರಿಂದ ಹದಿಮೂರರ ಮಕ್ಕಳಿಗೆ ಅಂತಲೇ ಮಾಡಿರೋ ವಾರ್ಮ್‌ಅಪ್ ಅದು, ಒಂಟಿಕಾಲು, ಹಾರೋದು, ಬೀಳೋದು ಹೇಗೆ ಎಲ್ಲಾ ಅದರಲ್ಲೇ ಇದೆ, ಯೂರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷೆ ಮಾಡಿ ಗಾಯ ಕಮ್ಮಿಯಾಗತ್ತೆ ಅಂತ ನೋಡಿದ್ದಾರೆ. ಇಡೀ ಟೀಮ್ ಜೊತೆ ಮಾಡಿದ್ರೆ ನಂಗೊಬ್ಬನಿಗೇ ಯಾಕೆ ಅನ್ನೋ ರಾಗಾನೂ ಇರಲ್ಲ. ಟರ್ಫ್ ಬುಕ್ ಮಾಡಿರೋದು ಒಂದೇ ಗಂಟೆ, ಅದರಲ್ಲಿ ಹದಿನೈದಿಪ್ಪತ್ತು ನಿಮಿಷ ವಾರ್ಮ್‌ಅಪ್‌ಗೆ ಹೋದ್ರೆ ದುಡ್ಡು ವೇಸ್ಟ್ ಅಂತ ಕೋಚೋ ಪೋಷಕರೋ ಗೊಣಗಿದ್ರೆ, ಟರ್ಫ್ ಗೇಟಿನ ಹೊರಗೆ ಮುಂದಿನ ಬ್ಯಾಚ್ ಕಾಯ್ತಾ ನಿಂತಿರ್ತಾರಲ್ಲ ಆ ಹೊತ್ತಲ್ಲೇ ಮಾಡ್ಸಿ.